ಓಡುವ ಅಕ್ಷರ, ನಿಲ್ಲುವ ಅಕ್ಷರ

ಆಗದ ಮಾತು ಅಂತ ಹೇಳಿದವಳು ಬೇರೆ ಯಾರೂ ಅಲ್ಲ, ನಮ್ಮ ಜುಬೇದಾ ಖಾಲಾ. ನಮ್ಮ ಮನೆಮಾತು ದಖ್ಖನಿ. ಅದರಲ್ಲಿ ಖಾಲಾ ಅಂದರೆ ಅಮ್ಮನ ತಂಗಿ. ನನಗೆ ಬುದ್ಧಿ ಬರುವ ಮೊದಲೇ ಅಮ್ಮ ಹೋಗಿಬಿಟ್ಟಳು, ಬೆಳೆಸಿದ್ದು ಖಾಲಾನೇ. ಆರ್.ಟಿ. ನಗರದ ಹಿಂದಿನ ಬೀದಿಯಲ್ಲಿ ನಮ್ಮದು ಶೀಟಿನ ಮನೆ. ಅಬ್ಬಾ, ಅಂದರೆ ಅಪ್ಪ, ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದರು, ಖಾಲಾ ಹಾಸಿಗೆಯ ಬಾಯಿ ಹೊಲಿಯುತ್ತಿದ್ದಳು. ಹೊಲಿಯುತ್ತ ಮಾತಾಡುತ್ತಲೇ ಇರುತ್ತಿದ್ದಳು. ಮಾತು ನಿಲ್ಲುತ್ತಿದ್ದದ್ದು ಸೂಜಿಗೆ ದಾರ ಪೋಣಿಸುವಾಗ ಮಾತ್ರ, ಆಗ ದಾರದ ತುದಿ ಬಾಯಲ್ಲಿರುತ್ತಿತ್ತು.

ನಾನು ಪಿಯುಸಿ ಪಾಸಾದ ವರ್ಷವೇ ಹತ್ತಿ ಧೂಳು ಅಬ್ಬಾನ ಎದೆಯಲ್ಲಿ ಕೂತಿತು. ಮನೆಗೆ ನನ್ನ ದುಡಿಮೆ ಬೇಕಾಯಿತು. "ಡಿಗ್ರಿ ಆಮೇಲೆ ಮಾಡ್ತೀನಿ" ಅಂದೆ. ಖಾಲಾ ದಾರ ಕಚ್ಚಿ ತುಂಡು ಮಾಡಿ ಹೇಳಿದಳು:

"ನಮ್ಮ ಮನೇಲಿ ಆಮೇಲೆ ಅನ್ನೋದು ಇವತ್ತಿನವರೆಗೂ ಬಂದಿಲ್ಲ ಫರೀದಾ. ನಿಮ್ಮ ಅಬ್ಬಾ ಆಮೇಲೆ ಮೋಲ್ಡ್ ಹಾಕಿಸ್ತೀನಿ ಅಂದ, ಶೀಟು ಹಾಗೇ ಇದೆ. ನಮ್ಮ ಮನೆ ಹುಡುಗಿ ಡಿಗ್ರಿ ಮಾಡೋದು ಆಗೋ ಮಾತಲ್ಲ. ಬಿಡು."

ಬೈದು ಹೇಳಿದ್ದಲ್ಲ. ಸೊಪ್ಪು ಬಾಡಿದೆ, ತಗೋಬೇಡ ಅನ್ನುವ ಹಾಗೆ ಹೇಳಿದಳು ಅಷ್ಟೆ. ಆದರೆ ಆ ಮಾತು ನನಗೆ ಅಂಟಿಕೊಂಡಿತು.

ಈಗ ನಾನು ರಿಟೈರ್ ಆಗಿ ಅಲ್ಲಾಳಸಂದ್ರದ ಮನೆಯಲ್ಲಿದ್ದೇನೆ. ಅಂಗಡಿ, ಆಸ್ಪತ್ರೆ, ಛತ್ರ, ಬಸ್ ನಿಲ್ದಾಣಗಳಲ್ಲಿ ಬೆಳಗುವ ಪರದೆಗಳಿವೆಯಲ್ಲ, ಅವುಗಳ ಮೇಲೆ ಏನು ಬರಬೇಕು, ಯಾವಾಗ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು ಅಂತ ನೋಡಿಕೊಳ್ಳುವುದೇ ನನ್ನ ಉದ್ಯೋಗವಾಗಿತ್ತು. ನಾವು ಶುರು ಮಾಡಿದಾಗ ಅದಕ್ಕೆ ಹೆಸರೇ ಇರಲಿಲ್ಲ, 'ಲೈಟ್ ಬೋರ್ಡ್ ಕೆಲಸ' ಅನ್ನುತ್ತಿದ್ದೆವು. ಈಗ ಡಿಜಿಟಲ್ ಸೈನೇಜ್ ಅನ್ನುತ್ತಾರೆ, ಅದಕ್ಕೆ ಕೋರ್ಸ್ ಬೇರೆ ಇದೆಯಂತೆ. ಅದನ್ನು ಓದಿದ ಮಕ್ಕಳು ಆಗಾಗ ಮನೆಗೆ ಬಂದು "ಮೇಡಂ, ಫೀಲ್ಡ್‌ನಲ್ಲಿ ನಿಜವಾಗ್ಲೂ ಹೆಂಗಿರತ್ತೆ?" ಅಂತ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ಹುದ್ದೆಗೆ ಹೋದೆ ಅನ್ನುವುದನ್ನು ಬಿಟ್ಟಿದ್ದೇನೆ, ಅದರಿಂದ ಯಾರಿಗೂ ಉಪಯೋಗವಿಲ್ಲ.

ನನ್ನ ಮಾಲೀಕರ ಹೆಸರು ಸಂಪಂಗಿ. ಹೆಬ್ಬಾಳದ ಹಳೇ ಊರಿನವರು. ಯಲಹಂಕದ ಹಳೇ ಪೇಟೆಯಲ್ಲಿ ಅವರ ಅಂಗಡಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಬರುತ್ತದೆ ಅಂತ ನನ್ನನ್ನು ಸೇರಿಸಿಕೊಂಡರು. ಆಗ ಇದ್ದದ್ದು ಕೆಂಪು ದೀಪದ ಅಕ್ಷರಗಳು ಬಲದಿಂದ ಎಡಕ್ಕೆ ಓಡುವ ಉದ್ದನೆಯ ಬೋರ್ಡು. ಬೇಕರಿಗೊಂದು, ಚಿನ್ನದ ಅಂಗಡಿಗೊಂದು. ನನಗೆ ಸಿಕ್ಕಿದ ಮೊದಲ ಕೆಲಸ ಒಂದು ಬೇಕರಿಯದು. ನಾನು ಪಿಯುಸಿಯಲ್ಲಿ ಪ್ರಬಂಧಕ್ಕೆ ಬಹುಮಾನ ತಗೊಂಡವಳು. ಉತ್ಸಾಹದಲ್ಲಿ ಹೀಗೆ ಬರೆದೆ: 'ನಮ್ಮಲ್ಲಿ ಶುದ್ಧ ಬೆಣ್ಣೆಯಿಂದ ತಯಾರಿಸಿದ ರುಚಿಕರವಾದ ಬಿಸ್ಕತ್ತು, ಬ್ರೆಡ್ಡು ಹಾಗೂ ಹುಟ್ಟುಹಬ್ಬದ ಕೇಕುಗಳು ಸದಾಕಾಲ ತಾಜಾ ದೊರೆಯುತ್ತವೆ.'

ಸಂಪಂಗಿ ಸರ್ ಅದನ್ನು ಓದಿ ಹಾಗೇ ಬೋರ್ಡಿಗೆ ಹಾಕಿಸಿದರು. ಸ್ಕೂಟರ್ ತೆಗೆದು "ಹಿಂದ್ಗಡೆ ಕೂತ್ಕೊಳಮ್ಮ" ಅಂದರು. ಬೇಕರಿ ಮುಂದೆ ಹಾದು ಹೋದೆವು. "ಏನ್ ಓದ್ದೆ?"

"ಶುದ್ಧ ಬೆಣ್ಣೆಯಿಂದ ತಯಾರಿಸಿದ..."

"ಏನು ತಯಾರ್ಸಿದ್ದು?"

"ಅಷ್ಟರಲ್ಲಿ ನಾವು ಮುಂದೆ ಬಂದ್ವಿ ಸರ್."

"ಅದೇ ಕಣಮ್ಮ. ಆ ಬೇಕ್ರಿಯವ್ನು ಬೆಣ್ಣೆ ಮಾರ್ತಾನೆ ಅನ್ಕೊಂಡು ಜನ ಓಯ್ತಾರೆ. ಏಳು ಪದ. ಅದಕ್ಕಿಂತ ಒಂದು ಜಾಸ್ತಿ ಬರೀಬ್ಯಾಡ. ಇಂಗೆ ನೋಡ್ದಂಗೆ ಅಂಗೆ ತಲೆಗೋಗ್ಬೇಕು."

ಏಳು ಪದ. ನನ್ನ ವೃತ್ತಿಯ ಮೊದಲ ಪಾಠ ಇದು. ಸಂಪಂಗಿ ಸರ್ ನಾನು ಬರೆದದ್ದನ್ನೆಲ್ಲ ಕೆಂಪು ಪೆನ್ನಿನಿಂದ ಹೊಡೆದು ಹಾಕುತ್ತಿದ್ದರು. 'ರುಚಿಕರವಾದ' ಹೊಡೆ. 'ನಮ್ಮಲ್ಲಿ' ಹೊಡೆ, ಬೋರ್ಡ್ ನಿಮ್ಮ ಅಂಗಡಿ ಮೇಲೇ ಇರುವಾಗ ಇನ್ನು ಯಾರಲ್ಲಿ. 'ದಯವಿಟ್ಟು' ಮಾತ್ರ ಇಟ್ಟುಕೋ, ಅದಿಲ್ಲದಿದ್ದರೆ ನಮ್ಮ ಜನಕ್ಕೆ ಕೋಪ ಬರುತ್ತದೆ. ಒಂದೆರಡು ವರ್ಷದಲ್ಲಿ ನನಗೆ ಅದು ಎಷ್ಟು ರೂಢಿಯಾಯಿತೆಂದರೆ, ಮದುವೆಯಾದ ಮೇಲೆ ಮನೆಯಲ್ಲಿ ಯಜಮಾನರಿಗೆ ಚೀಟಿ ಬರೆದಿಟ್ಟರೂ 'ಅನ್ನ ಇದೆ. ಸಾರು ಬಿಸಿ ಮಾಡಿ' ಅಷ್ಟೇ. ಅವರು ಯಶವಂತಪುರದ ಗೋದಾಮಿನಿಂದ ಸುಸ್ತಾಗಿ ಬಂದು ಅದನ್ನು ಓದಿ, "ಏನ್ ಬೋರ್ಡ್ ಹಾಕಿದೀಯ ಇಲ್ಲೂ?" ಅನ್ನುತ್ತಿದ್ದರು.

ಅಬ್ಬಾ ತೀರಿಕೊಂಡ ಮೇಲೆ ಖಾಲಾ ನಮ್ಮ ಜೊತೆಗೇ ಅಲ್ಲಾಳಸಂದ್ರಕ್ಕೆ ಬಂದಳು. ಆ ಹೊತ್ತಿಗೆ ನಮ್ಮ ಅಂಗಡಿಗೂ ಕಾಲ ಬದಲಾಗಿತ್ತು. ಓಡುವ ಬೋರ್ಡು ಹೋಗಿ, ಟಿ.ವಿ.ಯಂಥ ಚಪ್ಪಟೆ ಪರದೆಗಳು ಬಂದವು. ಬಣ್ಣ, ಚಿತ್ರ, ಎಲ್ಲ ಹಾಕಬಹುದು. ಆದರೆ ಈಗಿನ ಹಾಗೆ ಕುರ್ಚಿಯಲ್ಲಿ ಕೂತು ನೆಟ್‌ನಲ್ಲಿ ಕಳಿಸುವಂತಿರಲಿಲ್ಲ. ಪೆನ್‌ಡ್ರೈವ್‌ಗೆ ತುಂಬಿ, ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಪ್ರತಿ ಜಾಗಕ್ಕೂ ಹೋಗಿ ಪರದೆಯ ಹಿಂದೆ ಚುಚ್ಚಿ ಬರಬೇಕು. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ನನ್ನ ಬ್ಯಾಗಿನಲ್ಲಿ ಅರ್ಧ ಊರಿನ ಜಾಹೀರಾತು ಕೂತಿರುತ್ತಿತ್ತು.

ಆ ಕಾಲದ ಒಂದು ಎಡವಟ್ಟನ್ನು ಹೇಳಲೇಬೇಕು. ನಾಗಸಂದ್ರದ ಹತ್ತಿರ ರುದ್ರಪ್ಪ ಅನ್ನುವವರ ಕಲ್ಯಾಣ ಮಂಟಪ ನಮ್ಮ ಗಿರಾಕಿ. ಯಲಹಂಕದ ಒಂದು ರಕ್ತಪರೀಕ್ಷೆ ಲ್ಯಾಬೂ ನಮ್ಮ ಗಿರಾಕಿ. ಒಂದೇ ಬಣ್ಣದ ಎರಡು ಪೆನ್‌ಡ್ರೈವ್, ಎರಡೂ ನನ್ನ ಟಿಫಿನ್ ಬ್ಯಾಗಿನಲ್ಲಿ. ಹಿಂದಿನ ಸಂಜೆಯೇ ಎರಡೂ ಕಡೆ ಚುಚ್ಚಿ ಬಂದಿದ್ದೆ, ಬೆಳಿಗ್ಗೆ ತಾನಾಗೇ ಶುರುವಾಗುವ ಹಾಗೆ. ಮರುದಿನ ಬೆಳಿಗ್ಗೆ ರುದ್ರಪ್ಪನವರ ಫೋನ್.

"ಮೇಡಂ, ಮಂಟಪದಲ್ಲಿ ಮುಹೂರ್ತ ನಡೀತಾ ಇದೆ."

"ಒಳ್ಳೇದು ಸರ್."

"ಪರದೆ ಮೇಲೆ 'ಖಾಲಿ ಹೊಟ್ಟೆಯಲ್ಲಿ ಬಂದಿದ್ದೀರಾ?' ಅಂತ ಬರ್ತಾ ಇದೆ. ಆಮೇಲೆ 'ತೋಳು ಮಡಚಿ ಸಿದ್ಧರಾಗಿರಿ' ಅಂತೆ. ಗಂಡಿನ ತಂದೆ ಕೇಳ್ತಾವ್ರೆ, ರಕ್ತ ಕೊಟ್ಮೇಲೆ ಊಟ ಹಾಕ್ತೀರಾ ಅಂತ."

ರುದ್ರಪ್ಪ ನಗುತ್ತಿದ್ದರೋ ಅಳುತ್ತಿದ್ದರೋ ಫೋನಿನಲ್ಲಿ ಗೊತ್ತಾಗಲಿಲ್ಲ. ಲ್ಯಾಬಿಗೆ ಓಡಿದೆ. ಅಲ್ಲಿ ಬೆಳಗಿನಿಂದ ಒಂದು ಲೋಟ ಕಾಫಿಯೂ ಕುಡಿಯದೆ ಸಾಲಾಗಿ ಕೂತಿದ್ದ ಜನರ ಮುಂದೆ, ಸುತ್ತ ಗುಲಾಬಿ ಹೂವಿನ ಅಂಚಿನೊಳಗೆ ಬರುತ್ತಿತ್ತು: 'ಎಲ್ಲರೂ ಊಟ ಮಾಡಿಕೊಂಡೇ ಹೋಗಿ. ಪಂಕ್ತಿ ಮೇಲಿನ ಮಹಡಿಯಲ್ಲಿ.' ವಯಸ್ಸಾದವರೊಬ್ಬರು ಮೇಲಿನ ಮಹಡಿಗೆ ಹೋಗಿ, ಅಲ್ಲಿ ನೀರಿನ ಟ್ಯಾಂಕು ಬಿಟ್ಟು ಏನೂ ಕಾಣದೆ ಇಳಿದು ಬರುತ್ತಿದ್ದರು. ನನ್ನನ್ನು ನೋಡಿ, "ಎಲೆ ಹಾಕಿಲ್ಲ ಇನ್ನೂ" ಅಂದರು. ಅವರು ತಮಾಷೆಗೆ ಅಂದದ್ದೋ ನಿಜವಾಗಿ ಅಂದದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ.

ಅವತ್ತಿನಿಂದ ಮದುವೆ ಪೆನ್‌ಡ್ರೈವ್‌ಗೆ ಅರಿಶಿನ ದಾರ ಕಟ್ಟಿದೆ, ಲ್ಯಾಬಿನದಕ್ಕೆ ಬಿಳಿ ದಾರ. ಮಕ್ಕಳೇ, ಈಗ ನೀವು ಕುರ್ಚಿಯಿಂದಲೇ ಕಳಿಸುತ್ತೀರಿ, ಆದರೆ ತಪ್ಪು ಪರದೆಗೆ ಕಳಿಸುವುದು ಈಗ ಇನ್ನೂ ಸುಲಭ. ಹಾಕಿ ಬಂದ ಮೇಲೆ ಮುಂದೆ ನಿಂತು ಒಂದು ಸುತ್ತು ಪೂರ್ತಿ ನೋಡಿ. ನಮ್ಮ ಕೆಲಸದಲ್ಲಿ ತಪ್ಪು ಫೈಲಿನೊಳಗೆ ಬಚ್ಚಿಟ್ಟುಕೊಳ್ಳುವುದಿಲ್ಲ, ಗೋಡೆಯ ಮೇಲೆ ಬೆಳಗುತ್ತದೆ.

ಇನ್ನೊಂದು ಆಯುಧಪೂಜೆಯದು. ಅಂಗಡಿಯವರು ಪರದೆಯನ್ನೂ ಯಂತ್ರ ಅಂತಲೇ ಲೆಕ್ಕ ಹಾಕಿ ಪೂಜೆ ಮಾಡುತ್ತಾರೆ, ಅದರಲ್ಲೇನೂ ತಪ್ಪಿಲ್ಲ. ಬಾಳೆಕಂದು ಕಟ್ಟುತ್ತಾರೆ, ಹಾರ ಹಾಕುತ್ತಾರೆ. ಒಂದು ವರ್ಷ ಯಲಹಂಕದ ದೊಡ್ಡ ಬಟ್ಟೆ ಅಂಗಡಿಯ ಹೊರಗಿನ ಪರದೆ ಹಬ್ಬದ ದಿನವೇ ಮಂಕಾಯಿತು. ಮಟಮಟ ಬಿಸಿಲಲ್ಲಿ ಪರದೆಯ ಮೇಲಿನ ಸೀರೆ ಯಾವ ಬಣ್ಣ ಅಂತ ಕಾಣದು. ನಾನು ವೈರು ನೋಡಿದೆ, ಬಾಕ್ಸು ಬದಲಾಯಿಸಿದೆ, ಪ್ರೋಗ್ರಾಂ ಮತ್ತೆ ಹಾಕಿದೆ. ಏನೂ ಆಗಲಿಲ್ಲ. ಸಂಪಂಗಿ ಸರ್ ಬಂದು ಏಣಿ ಹತ್ತಿದರು. ಮೇಲಿನಿಂದ ಜೋರಾಗಿ ನಕ್ಕರು.

ಆ ಪರದೆಗೆ ಒಂದು ಪುಟ್ಟ ಕಣ್ಣಿರುತ್ತದೆ. ಬಿಸಿಲಿದ್ದರೆ ಬೆಳಕು ಜಾಸ್ತಿ, ಕತ್ತಲಾದರೆ ಕಡಿಮೆ, ಅಂತ ಅದೇ ನೋಡಿ ತೀರ್ಮಾನ ಮಾಡುತ್ತದೆ. ಅಂಗಡಿಯ ಯಜಮಾನರ ಹೆಂಡತಿ, ಪರದೆಗೆ ಹಣೆ ಎಲ್ಲಿ ಅಂತ ಹುಡುಕಿ, ಸರಿಯಾಗಿ ಆ ಕಣ್ಣಿನ ಮೇಲೆ ಗಂಧ ಬಳಿದು ದೊಡ್ಡದಾಗಿ ಕುಂಕುಮ ಇಟ್ಟಿದ್ದರು. ಪರದೆ ಮಧ್ಯಾಹ್ನವನ್ನು ನಡುರಾತ್ರಿ ಅಂದುಕೊಂಡಿತ್ತು.

"ಒರ್ಸಿಬಿಡ್ಲಾ ಅಮ್ಮ?" ಅಂದರು ಸಂಪಂಗಿ ಸರ್ ಏಣಿಯ ಮೇಲಿಂದ.

"ಅಯ್ಯೋ, ಹಬ್ಬದ ದಿನ ಕುಂಕುಮ ಅಳಿಸ್ತಾರೇನ್ರೀ" ಅಂದರು ಆಯಮ್ಮ.

"ಅಂಗಾದ್ರೆ ಸೀರೆ ಎಂಗ್ ಕಾಣ್ಬೇಕು?"

"ಅದು ನಿಮ್ಮ ಕೆಲಸ."

ಕೊನೆಗೆ ಕುಂಕುಮವನ್ನು ಮುಟ್ಟದೆ, ಕಣ್ಣಿನ ಲೆಕ್ಕ ಬಿಟ್ಟು ಬೆಳಕನ್ನು ಕೈಯಿಂದಲೇ ಏರಿಸಿಟ್ಟೆವು. ಮುಂದಿನ ವರ್ಷದಿಂದ ನಾನು ಹಬ್ಬದ ಹಿಂದಿನ ದಿನವೇ ಹೋಗಿ, ಪ್ರತಿ ಪರದೆಯ ಚೌಕಟ್ಟಿಗೆ, ಕಣ್ಣಿನಿಂದ ದೂರದಲ್ಲಿ, ಒಂದು ಸ್ಟಿಕರ್ ಅಂಟಿಸಿ ಬರುತ್ತಿದ್ದೆ: 'ಕುಂಕುಮ ಇಲ್ಲಿ'. ಎರಡೇ ಪದ. ಇಷ್ಟು ವರ್ಷದಲ್ಲಿ ನಾನು ಬರೆದ ಸೂಚನೆಗಳಲ್ಲಿ ಜನ ಒಬ್ಬರೂ ಬಿಡದೆ ಪಾಲಿಸಿದ್ದು ಅದೊಂದೇ.

ಇಷ್ಟರ ನಡುವೆ, ಖಾಲಾ ಬಂದ ವರ್ಷವೇ, ನಾನು ದೂರಶಿಕ್ಷಣದಲ್ಲಿ ಬಿ.ಎ.ಗೆ ಸೇರಿದ್ದೆ. ಯಾರಿಗೂ ಹೇಳದೆ ಫೀಸು ಕಟ್ಟಿ ಬಂದು, ಸಂಜೆ ಖಾಲಾಗೆ ಹೇಳಿದೆ. ಆಕೆ ಆಗಲೂ ಹೊಲಿಯುತ್ತಿದ್ದಳು, ಈ ಸಲ ನನ್ನ ಮಗಳ ಲಂಗ.

"ಈ ವಯಸ್ಸಲ್ಲಿ ಕೈಕು?" ಅಂದಳು. ಕೈಕು ಅಂದರೆ ನಮ್ಮಲ್ಲಿ ಯಾಕೆ ಅಂತ.

"ನೀನು ಆಗೋ ಮಾತಲ್ಲ ಅಂದಿದ್ಯಲ್ಲ."

"ಈಗಲೂ ಅದೇ ಅಂತೀನಿ. ದುಡ್ಡು ವಾಪಸ್ ಕೊಡ್ತಾರೇನೋ ಕೇಳು."

ಭಾನುವಾರ ಭಾನುವಾರ ತರಗತಿ. ಮೂರು ವರ್ಷದ ಉಳಿದ ಪಾಠಗಳೆಲ್ಲ ಹೇಗೋ ದಾಟಿದವು, ಚೂರುಪಾರು ಅಂಕದಲ್ಲಿ. ಕೊನೆಯ ವರ್ಷದ ಇತಿಹಾಸ ಮಾತ್ರ ದಾಟಲಿಲ್ಲ. ಒಮ್ಮೆ ಹೋಯಿತು, ಮತ್ತೆ ಬರೆದೆ, ಮತ್ತೆ ಹೋಯಿತು. ನನಗೆ ಅರ್ಥವೇ ಆಗಲಿಲ್ಲ. ಓದಿದ್ದೆ, ಗೊತ್ತಿತ್ತು, ಎಲ್ಲ ಪ್ರಶ್ನೆಗೂ ಉತ್ತರ ಬರೆದಿದ್ದೆ. ಎಲ್ಲರಿಗಿಂತ ಮೊದಲು ಎದ್ದು ಹೊರಗೂ ಬಂದಿದ್ದೆ. ಸೇರಿದವರಿಗೆ ಇಂತಿಷ್ಟು ವರ್ಷ ಅಂತ ಗಡುವಿರುತ್ತದೆ. ನನಗೆ ಉಳಿದದ್ದು ಒಂದೇ ಅವಕಾಶ. ಅದರಲ್ಲೂ ಹೋದರೆ ಮೊದಲಿನಿಂದ ಮತ್ತೆ ಸೇರಬೇಕು. ಮತ್ತೆ ಸೇರುವ ಮನಸ್ಸು ನನ್ನಲ್ಲಿ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ಅಧ್ಯಯನ ಕೇಂದ್ರದಲ್ಲಿ ಇತಿಹಾಸ ಹೇಳುತ್ತಿದ್ದವರು ಶಿವಲೀಲಾ ಮೇಡಂ. ನನಗಿಂತ ಚಿಕ್ಕವರು. "ಒಂದು ಉತ್ತರ ಇಲ್ಲೇ ಬರೆದು ತೋರಿಸಿ" ಅಂದರು. ಪ್ರಶ್ನೆ: ಹಿಂದಿನ ಕಾಲದ ಕೆರೆ ನೀರಾವರಿ ವ್ಯವಸ್ಥೆಯನ್ನು ವಿವರಿಸಿ. ಹದಿನೈದು ಅಂಕ. ನಾನು ಬರೆದೆ:

'ಕೆರೆ ಕಟ್ಟಿದರು. ಮಳೆ ನೀರು ನಿಂತಿತು. ತೂಬು ತೆರೆದರು. ಗದ್ದೆ ಬೆಳೆಯಿತು. ಊರು ಉಳಿಯಿತು.'

ಮೇಡಂ ಹಾಳೆ ತಿರುವಿ ಹಿಂಬದಿ ನೋಡಿದರು. ಖಾಲಿ.

"ಇದು ಉತ್ತರವೋ, ಬಸ್ ಸ್ಟಾಪಿನ ಬೋರ್ಡೋ?" ಅಂದರು.

"ಎಲ್ಲ ಬಂದಿದೆಯಲ್ಲ ಮೇಡಂ."

"ಬಂದಿದೆ. ತಪ್ಪು ಒಂದೂ ಇಲ್ಲ. ಆದರೆ ಹದಿನೈದು ಅಂಕಕ್ಕೆ ಮೂರು ಪುಟ ಬೇಕು ಫರೀದಾ ಅವರೇ. ಇದಕ್ಕೆ ನಾನು ಎಷ್ಟು ಕೊಡಲಿ? ಎರಡು ಕೊಡಬಹುದು. ಅಕ್ಷರ ದುಂಡಗಿದೆ ಅಂತ ಮೂರು."

ಮರುದಿನ ಅಂಗಡಿಯಲ್ಲಿ ಸಂಪಂಗಿ ಸರ್‌ಗೆ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕುರ್ಚಿ ಎಳೆದು ನನ್ನ ಎದುರು ಕೂತರು. "ಫರೀದಮ್ಮ, ನಿನ್ನ ಫೇಲ್ ಮಾಡ್ಸಿದ್ದು ನಾನೇ ಕಣಮ್ಮ" ಅಂದರು. "ಏಳು ಪದ ಏಳು ಪದ ಅಂತ ತಲೆ ತಿಂದ್ನಲ್ಲ. ಪರೀಕ್ಸೆ ಆಗೋಗಂಟ ನೀನು ಬೋರ್ಡ್ ಬರೀಬ್ಯಾಡ. ನಾನ್ ಬರ್ಕತೀನಿ. ನೀನು ಉದ್ದುದ್ದ ಬರಿ."

ಅವರು ಬರೆದ ಮೊದಲ ಬೋರ್ಡು ಒಂದು ಚಪ್ಪಲಿ ಅಂಗಡಿಯದು. 'ಚಪ್ಪಲಿ. ಎಲ್ಲಾ ಸೈಜು.' ಅಂಗಡಿಯವನು ಬಂದು "ಸರ್, ಇನ್ನೇನಾದ್ರೂ ಒಂದ್ ಮಾತು ಸೇರಿಸಿ, ಮನೆಯವರೆಲ್ಲಾ ಏನಿದು ಬೋಳು ಅಂತಾರೆ" ಅಂದ. ಸರ್ ಯೋಚನೆ ಮಾಡಿ 'ದಯವಿಟ್ಟು' ಸೇರಿಸಿದರು. ಅದು ಎಷ್ಟೋ ದಿನ ಹಾಗೇ ಇತ್ತು.

ಉದ್ದ ಬರೆಯಿರಿ ಅಂದರೆ ಬರೆಯಲು ಬರಬೇಕಲ್ಲ. ನಾನು ರಾತ್ರಿ ಊಟವಾದ ಮೇಲೆ ಕೂತು ಒಂದು ವಾಕ್ಯ ಬರೆದರೆ, ಕೈ ತಾನಾಗೇ ಅದರಲ್ಲಿ ಮೂರು ಪದ ಹೊಡೆಯುತ್ತಿತ್ತು. ಚಟ ಬಿಡುವುದಕ್ಕಿಂತ ಕಲಿತ ಕೆಲಸ ಬಿಡುವುದು ಕಷ್ಟ.

ಇದೇ ಹೊತ್ತಿಗೆ ಅಂಗಡಿಗೂ ಒಂದು ತಲೆನೋವು ಬಂತು. ಒಂದು ಆಸ್ಪತ್ರೆ, ಹೆಸರು ಬೇಡ, ಹೊರರೋಗಿಗಳ ಹಾಲಿನಲ್ಲಿ ನಮ್ಮ ಪರದೆ ಹಾಕಿಸಿತ್ತು. ಟೋಕನ್ ನಂಬರ್ ಬಂದರೆ ರೋಗಿ ಒಳಗೆ ಹೋಗಬೇಕು. ಆದರೆ ಯಾರೂ ಪರದೆ ನೋಡುತ್ತಿಲ್ಲ, ಎಲ್ಲ ಬಾಗಿಲಿಗೇ ಮುತ್ತುತ್ತಾರೆ, ಹೀಗೇ ಆದರೆ ತೆಗೆಸಿಬಿಡುತ್ತೇವೆ ಅಂತ ಅಲ್ಲಿನ ಅಧಿಕಾರಿ ಹೇಳಿದರು. ಆಗಲೇ ಖಾಲಾಗೆ ಮೊಣಕಾಲು ನೋವು. ಅವಳನ್ನು ಅಲ್ಲಿಗೇ ಕರೆದುಕೊಂಡು ಹೋದೆ, ಎರಡೂ ಕೆಲಸ ಒಟ್ಟಿಗೆ ಆಗಲಿ ಅಂತ.

ಖಾಲಾಗೆ ಅಕ್ಷರ ಬರುವುದಿಲ್ಲ. ಆದರೆ ಜೀವಮಾನವೆಲ್ಲ ಅಳತೆಯ ಟೇಪು ಹಿಡಿದವಳು, ಅಂಕಿ ಚೆನ್ನಾಗಿ ಗೊತ್ತು. ಬೆಂಚಿನ ಮೇಲೆ ಕೂರಿಸಿ, ಚೀಟಿ ಕೈಗೆ ಕೊಟ್ಟು, ಈ ನಂಬರ್ ಪರದೆಯಲ್ಲಿ ಬಂದಾಗ ಏಳು ಅಂತ ಹೇಳಿ ದೂರ ನಿಂತೆ. ನಂಬರ್ ಬಂತು. ಖಾಲಾ ಏಳಲಿಲ್ಲ. ಪಕ್ಕದವಳ ಜೊತೆ ಸೊಸೆಯ ವಿಚಾರ ಮಾತಾಡುತ್ತಿದ್ದಳು. ಹೋಗಿ ಕೇಳಿದೆ.

"ಪರದೆ ಎಲ್ಲಿದೆ?" ಅಂದಳು.

"ನಿನ್ನ ಬೆನ್ನ ಹಿಂದಿನ ಗೋಡೆ ಮೇಲೆ."

"ಡಾಕ್ಟರ್ ಬಾಗಿಲಿಗೆ ಬೆನ್ನು ಹಾಕಿ ಯಾರಮ್ಮ ಕೂರ್ತಾರೆ?"

ತಿರುಗಿ ಕೂರಿಸಿದೆ. ಈಗ ಪರದೆ ನೋಡಿದಳು. ಕೈ ತೊಳೆಯಿರಿ, ಸೊಳ್ಳೆ ಬರದಂತೆ ನೋಡಿಕೊಳ್ಳಿ, ನಡುವೆ ಮೂರು ನಂಬರ್, ಮತ್ತೆ ಕೈ ತೊಳೆಯಿರಿ. "ಬಂತು, ಹೋಯ್ತು" ಅಂದಳು ಖಾಲಾ. "ನಾನು ಚೀಟಿ ನೋಡಿ ತಲೆ ಎತ್ತೋಷ್ಟರಲ್ಲಿ ಸೊಳ್ಳೆ ಬಂದ್ಬಿಟ್ಟಿದೆ. ಕೈಕು ಓಡಿಸ್ತೀರಾ? ನಿಲ್ಲಿಸಿ."

ಅಲ್ಲೇ ಇದ್ದ ಅಧಿಕಾರಿಯೂ ನಕ್ಕುಬಿಟ್ಟರು. ಸಂಪಂಗಿ ಸರ್‌ಗೆ ಫೋನ್ ಮಾಡಿದೆ. ಪರದೆಯನ್ನು ಬಿಚ್ಚಿ ಡಾಕ್ಟರ ಬಾಗಿಲ ಮೇಲೇ ಹಾಕಿಸಿದೆವು. ಅರ್ಧ ಪರದೆ ಪೂರ್ತಿ ನಂಬರಿಗೆ ಬಿಟ್ಟೆವು, ಅದು ರೋಗಿ ಒಳಗೆ ಹೋಗುವವರೆಗೂ ಅಲ್ಲಾಡುವುದಿಲ್ಲ. ಕೈ ತೊಳೆಯುವುದು, ಸೊಳ್ಳೆ, ಎಲ್ಲ ಪಕ್ಕದ ಇನ್ನರ್ಧದಲ್ಲಿ. ನಂಬರ್ ಬದಲಾದಾಗ ಟಿಣ್ ಅಂತ ಗಂಟೆಯ ಸದ್ದು. ನಿಧಾನಕ್ಕೆ ಜನ ಬೆಂಚಿನಲ್ಲಿ ಕೂತರು. ಪರದೆ ಉಳಿಯಿತು. ಮುಂದಿನ ಸಲ ಖಾಲಾ ಗಂಟೆ ಆದ ಕೂಡಲೇ ಎದ್ದು, ದಾರಿಯಲ್ಲಿ ನಿಂತಿದ್ದವರಿಗೆ "ಸರೀರಿ, ನನ್ನ ನಂಬರ್ ನಿಂತಿದೆ" ಅಂತ ಹೇಳಿಕೊಂಡು ಒಳಗೆ ಹೋದಳು.

ಹೊಸಬರು ಇಷ್ಟು ಗಮನದಲ್ಲಿಟ್ಟುಕೊಳ್ಳಿ. ಓಡುವುದು ಕಣ್ಣನ್ನು ಕರೆಯುತ್ತದೆ. ಆದರೆ ಓದಿಸಬೇಕಾದದ್ದು ನಿಂತಿರಬೇಕು.

ಆ ಮೊಣಕಾಲಿಗೆ ಡಾಕ್ಟರು ದಿನಾ ಸ್ವಲ್ಪ ನಡೆಯಿರಿ ಅಂದರು. ಹಾಗಾಗಿ ಸಂಜೆ ನಾನು ಖಾಲಾಳನ್ನು ಅಲ್ಲಾಳಸಂದ್ರದ ಕೆರೆ ಸುತ್ತ ಕರೆದುಕೊಂಡು ಹೋಗತೊಡಗಿದೆ. ಸುಮ್ಮನೆ ನಡೆಯುವ ಬದಲು ಪಾಠ ಒಪ್ಪಿಸೋಣ ಅಂತ, ಒಂದು ಸಂಜೆ ಬೆಂಚಿನ ಮೇಲೆ ಕೂತು ಹೇಳಿದೆ:

"ಖಾಲಾ, ಹಿಂದೆ ಕೆರೆ ಕಟ್ಟಿದರು."

"ಕೈಕು?"

"ಇಲ್ಲಿ ನದಿ ಇಲ್ಲವಲ್ಲ, ಅದಕ್ಕೆ. ಮಳೆ ನೀರು ಹಿಡಿದಿಟ್ಟುಕೊಳ್ಳದಿದ್ದರೆ ಬೇಸಿಗೆಗೆ ಏನೂ ಇರ್ತಿರಲಿಲ್ಲ."

"ಫಿರ್?" ಅಂದಳು. ಫಿರ್ ಅಂದರೆ ಆಮೇಲೆ.

"ಒಂದು ಕೆರೆ ತುಂಬಿದರೆ ಕೋಡಿ ಹರಿದು ಕೆಳಗಿನ ಕೆರೆಗೆ ಹೋಗ್ತಿತ್ತು. ಹಾಗೆ ಸಾಲಾಗಿ."

"ಮೇಲಿನ ಊರಿನವರು ನೀರು ಬಿಡದೇ ಹೋದ್ರೆ? ಜಗಳ ಆಗಲಿಲ್ವಾ?"

"ಆಗ್ತಿತ್ತು. ಅದಕ್ಕೇ ನೀರುಗಂಟಿ ಅಂತ ಒಬ್ಬನ್ನ ಇಟ್ಟಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನೇ ನೋಡ್ಕೋತಿದ್ದ."

"ಅವನಿಗೆ ಕೂಲಿ ಯಾರು ಕೊಡ್ತಿದ್ರು? ಫಿರ್?"

ಕತ್ತಲಾಗುವವರೆಗೂ ಬಿಡಲಿಲ್ಲ. ಮನೆಗೆ ಹೋಗಿ ಅದನ್ನೆಲ್ಲ ಬರೆಯಲು ಕೂತೆ. ನಾಲ್ಕು ಪುಟ ಆಯಿತು. ನಾನೇ ಎರಡು ಸಲ ಎಣಿಸಿದೆ.

ಅವತ್ತಿನಿಂದ ಪ್ರತಿ ಸಂಜೆ ಒಂದು ಪಾಠ. ರಾಜರ ಯುದ್ಧಗಳು ಅವಳಿಗೆ ಬೇಜಾರು, "ಗಂಡಸರ ಜಗಳ, ಮುಂದೆ ಹೋಗು" ಅನ್ನುತ್ತಿದ್ದಳು. ತೆರಿಗೆ, ಬಟ್ಟೆ ವ್ಯಾಪಾರ, ಬರಗಾಲ ಬಂದರೆ ಬಿಡುತ್ತಿರಲಿಲ್ಲ. ಒಮ್ಮೊಮ್ಮೆ ಅವಳ ಕಲ್ಪನೆ ಎಲ್ಲೆಲ್ಲೋ ಹೋಗುತ್ತಿತ್ತು. ಒಬ್ಬ ದೊರೆಗೆ ಮಕ್ಕಳಿರಲಿಲ್ಲ ಅಂದರೆ, "ದತ್ತು ತಗೋಬೇಕಿತ್ತು, ನಮ್ಮ ಬೀದೀಲೇ ಎಷ್ಟು ಜನ ಇದ್ರು" ಅನ್ನುತ್ತಿದ್ದಳು. ಒಂದು ದಿನ ನಾನು ಕೇಳಿಯೇ ಬಿಟ್ಟೆ, "ಆಗೋ ಮಾತಲ್ಲ ಅಂತೀಯ, ಮತ್ಯಾಕೆ ಇಷ್ಟು ಕೇಳ್ತೀಯ?"

"ಆಗೋದು ಬಿಡೋದು ಬೇರೆ. ಕಥೆ ಅರ್ಧಕ್ಕೆ ಬಿಡೋದು ಬೇರೆ" ಅಂದಳು.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ತೆಗೆದಾಗ ಕೆರೆ ಇರಲಿಲ್ಲ. ದೇವಸ್ಥಾನಗಳು ಊರಿನ ಆರ್ಥಿಕ ಜೀವನದಲ್ಲಿ ವಹಿಸಿದ ಪಾತ್ರ ಅಂತ ಏನೋ ಇತ್ತು. ನಾನು ಒಂದು ವಾಕ್ಯ ಬರೆದೆ. ಪೆನ್ನು ನಿಲ್ಲಿಸಿದೆ. ಕಿವಿಯಲ್ಲಿ 'ಕೈಕು?' ಅಂತ ಕೇಳಿಸಿತು. ಬರೆದೆ. 'ಫಿರ್?' ಮತ್ತೆ ಬರೆದೆ. ಎದ್ದು ಹೋಗಿ ಹೆಚ್ಚಿನ ಹಾಳೆ ಕೇಳಿದೆ. ಕೊಠಡಿಯ ಮೇಲ್ವಿಚಾರಕರು ನನ್ನನ್ನು ಹಿಂದಿನ ಸಲವೂ ನೋಡಿದ್ದರು, "ಇವತ್ತೇನ್ ಮೇಡಂ, ಇನ್ನೂ ಇದೀರಾ?" ಅಂದರು. ಗಂಟೆ ಹೊಡೆದಾಗ ಅವರು ಉತ್ತರಪತ್ರಿಕೆಯನ್ನು ನನ್ನ ಕೈಯಿಂದ ಕಿತ್ತುಕೊಳ್ಳಬೇಕಾಯಿತು.

ಫಲಿತಾಂಶ ನೋಡಿದ್ದು ಸಂಪಂಗಿ ಸರ್ ಅಂಗಡಿಯ ಕಂಪ್ಯೂಟರಿನಲ್ಲೇ. ಇತಿಹಾಸದ ಎದುರು 'ಉತ್ತೀರ್ಣ'. ಸರ್ ಎದ್ದು ಹೋಗಿ, ಅಂಗಡಿಯ ಮುಂದೆ ನಮ್ಮದೇ ಹಳೇ ಓಡುವ ಬೋರ್ಡಿತ್ತಲ್ಲ, ಅದರಲ್ಲಿ ತಾವೇ ಟೈಪ್ ಮಾಡಿ ಹಾಕಿದರು: 'ನಮ್ ಫರೀದಮ್ಮ ಬಿ.ಎ. ಪಾಸ್. ದಯವಿಟ್ಟು.'

"ದಯವಿಟ್ಟು ಯಾಕೆ ಸರ್ ಇಲ್ಲಿ?"

"ಇರ್ಲಿ ಬಿಡಮ್ಮ. ಮರ್ಯಾದೆ."

ಪ್ರಮಾಣಪತ್ರ ಕೊಡಲು ನಮ್ಮ ಅಧ್ಯಯನ ಕೇಂದ್ರದವರು ಒಂದು ಸಮಾರಂಭ ಮಾಡಿದರು. ಎಲ್ಲಿ ಅಂದರೆ ನಾಗಸಂದ್ರದ ಅದೇ ರುದ್ರಪ್ಪನವರ ಮಂಟಪದಲ್ಲಿ. ವೇದಿಕೆಯ ಹಿಂದಿನ ಪರದೆ ನಮ್ಮದು, ಹಾಗಾಗಿ ಅದಕ್ಕೆ ಹೆಸರು, ಫೋಟೋ ಹಾಕುವ ಕೆಲಸ ಬಂದದ್ದು ನನ್ನ ಮೇಜಿಗೇ. ವಿದ್ಯಾರ್ಥಿಗಳು ತುಂಬಾ ಜನ, ಊಟದ ಹೊತ್ತಿಗೆ ಮುಗಿಯಬೇಕು. ಒಬ್ಬೊಬ್ಬರ ಹೆಸರೂ ಅವರು ವೇದಿಕೆ ದಾಟುವಷ್ಟೇ ಹೊತ್ತು ನಿಂತು ಮುಂದಕ್ಕೆ ಹೋಗುವ ಹಾಗೆ ಹೊಂದಿಸಿದೆ. ನನ್ನ ಹೆಸರಿಗೆ ಬಂದಾಗ ಕೈ ಸ್ವಲ್ಪ ತಡೆಯಿತು. ಇನ್ನೂ ಸ್ವಲ್ಪ ಹೊತ್ತು ಕೊಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊಡಲಿಲ್ಲ. ಎಲ್ಲರಷ್ಟೇ ಇಟ್ಟೆ.

ಖಾಲಾ ಹೊಸ ಬುರ್ಖಾ ಹಾಕಿಕೊಂಡು ಎರಡನೇ ಸಾಲಿನಲ್ಲಿ ಕೂತಿದ್ದಳು. ಒಂದು ಪಕ್ಕ ನಮ್ಮ ಯಜಮಾನರು, ಮಗಳು, ಇನ್ನೊಂದು ಪಕ್ಕ ಸಂಪಂಗಿ ಸರ್. ರುದ್ರಪ್ಪ ಬಾಗಿಲಲ್ಲಿ ನನ್ನನ್ನು ಕಂಡು, "ಮೇಡಂ, ಇವತ್ತು ರಕ್ತ ತಗೊಳ್ಳಲ್ಲ ತಾನೆ?" ಅಂದರು. ನನ್ನ ಸರದಿ ಬಂತು. ಹೋದೆ. ಶಿವಲೀಲಾ ಮೇಡಂ ಪ್ರಮಾಣಪತ್ರ ಕೈಗೆ ಕೊಟ್ಟು, ಕಿವಿಯ ಹತ್ತಿರ "ನಿಮ್ಮ ಉತ್ತರ ಓದಿದವರು ಸುಸ್ತಾಗಿರಬೇಕು" ಅಂದರು. ಇಳಿದು ಬಂದೆ.

ಖಾಲಾ ಮುಖ ಗಂಟಿಕ್ಕಿಕೊಂಡಿದ್ದಳು.

"ನಿನ್ನ ಫೋಟೋ ಬಂತು, ಹೆಸರು ಬಂತು. ನೋಡೋಣ ಅನ್ನೋಷ್ಟರಲ್ಲಿ ಹೋಯ್ತು. ಯಾರು ಓಡಿಸಿದ್ದು?"

"ನಾನೇ ಖಾಲಾ."

"ನಿಂದಾದ್ರೂ ನಿಲ್ಲಿಸಬಾರದಿತ್ತಾ?"

"ಎಲ್ಲರಿಗೂ ಅಷ್ಟೇ ಹೊತ್ತು."

ಏನೋ ಗೊಣಗಿದಳು. ಆಮೇಲೆ ಎರಡೂ ಕೈಯನ್ನು ಬುರ್ಖಾಕ್ಕೆ ಒರೆಸಿಕೊಂಡು ಪ್ರಮಾಣಪತ್ರ ಈಸಿಕೊಂಡಳು. ಹಾಸಿಗೆ ಬಟ್ಟೆ ನೋಡುವ ಹಾಗೆ ಅಂಚು ಮುಟ್ಟಿ ನೋಡಿದಳು.

"ಇದರಲ್ಲಿ ನಿನ್ನ ಹೆಸರು ಎಲ್ಲಿ?"

ತೋರಿಸಿದೆ. ಅದರ ಮೇಲೆ ಬೆರಳಿಟ್ಟಳು. ಹಾಲಿನಲ್ಲಿ ಎಲ್ಲರೂ ಏಳುತ್ತಿದ್ದರು, ಊಟಕ್ಕೆ ಎಲೆ ಹಾಕಿದ್ದಾರೆ, ಬನ್ನಿ ಬನ್ನಿ ಅಂತ ರುದ್ರಪ್ಪ ಕೂಗುತ್ತಿದ್ದರು.

"ಇದು ಓಡಲ್ಲ ತಾನೆ?" ಅಂದಳು ಖಾಲಾ.

"ಇಲ್ಲ ಖಾಲಾ."

"ಹಾಗಾದ್ರೆ ಇರು, ನಿಧಾನವಾಗಿ ನೋಡ್ತೀನಿ. ಊಟ ಆಮೇಲೆ."